ಅಮೆರಿಕದಲ್ಲಿ ಕ್ರೈಮ್ ಲ್ಯಾಬಿಗೆ ದುಡ್ಡು ಎಲ್ಲಿಂದ ಬರುತ್ತದೆ? ಅಲ್ಲಿರುವ ನಮ್ಮವರು ತಿಳಿದಿರಬೇಕಾದದ್ದು

"ಎಫ್‌ಎಸ್‌ಎಲ್ ರಿಪೋರ್ಟ್ ಇನ್ನೂ ಬಂದಿಲ್ಲ" ಅನ್ನುವ ಮಾತು ಬೆಂಗಳೂರಿನ ಕೋರ್ಟುಗಳಲ್ಲಿ ದಿನಾ ಕಿವಿಗೆ ಬೀಳುತ್ತದೆ. ಪೊಲೀಸರು ಮಹಜರು ಮಾಡುತ್ತಾರೆ, ಸಿಕ್ಕಿದ್ದನ್ನು ಸೀಲ್ ಮಾಡಿ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ (ಅದೇ ಎಫ್‌ಎಸ್‌ಎಲ್) ಕಳಿಸುತ್ತಾರೆ, ಆಮೇಲೆ ಎಲ್ಲರೂ ಕಾಯುತ್ತಾರೆ. ಲ್ಯಾಬ್ ರಾಜ್ಯ ಸರ್ಕಾರದ್ದು, ಗೃಹ ಇಲಾಖೆಯ ಕೆಳಗೆ ಬರುತ್ತದೆ. ದುಡ್ಡೂ ಹೆಚ್ಚಾಗಿ ಅಲ್ಲಿಂದಲೇ. ಈಗ ಕೇಂದ್ರವೂ ಜಾಸ್ತಿ ಕೈಜೋಡಿಸುತ್ತಿದೆ: 2024ರ ಜೂನ್‌ನಲ್ಲಿ ದೇಶದ ಫೊರೆನ್ಸಿಕ್ ವ್ಯವಸ್ಥೆಗೆ ಅಂತಲೇ ಸುಮಾರು 2,254 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಸಿಕ್ಕಿತು. ಅದೇ ವರ್ಷ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾನೂನಿನಲ್ಲಿ, ಏಳು ವರ್ಷ ಅಥವಾ ಹೆಚ್ಚು ಶಿಕ್ಷೆಯಿರುವ ಅಪರಾಧವಾದರೆ ಫೊರೆನ್ಸಿಕ್ ತಜ್ಞರು ಸ್ಥಳಕ್ಕೇ ಹೋಗಬೇಕು ಅಂತ ಇದೆ. ಅದನ್ನು ಪೂರ್ತಿ ಜಾರಿ ಮಾಡೋಕೆ ರಾಜ್ಯಗಳಿಗೆ ಐದು ವರ್ಷದವರೆಗೆ ಸಮಯ ಕೊಟ್ಟಿದ್ದಾರೆ.

ಇದೇ ಲೆಕ್ಕವನ್ನು ತಲೆಯಲ್ಲಿಟ್ಟುಕೊಂಡು ಅಮೆರಿಕಕ್ಕೆ ಹೋದರೆ ಅಲ್ಲಿನದು ಅರ್ಥವಾಗುವುದಿಲ್ಲ. ಮಕ್ಕಳು ಅಲ್ಲಿರುವ ಅಪ್ಪ-ಅಮ್ಮಂದಿರು ಇಲ್ಲಿ ನನ್ನನ್ನು ಕೇಳುತ್ತಾರೆ, "ಅಲ್ಲಿ ದುಡ್ಡಿಗೇನು ಕಮ್ಮಿ, ಎರಡು ದಿನದಲ್ಲಿ ಡಿಎನ್‌ಎ ರಿಪೋರ್ಟ್ ಬಂದುಬಿಡುತ್ತೆ ಅಲ್ವಾ?" ಬರುವುದಿಲ್ಲ. ಅಲ್ಲೂ ಸಾಲು ಇದೆ, ಅಲ್ಲೂ ತಿಂಗಳುಗಟ್ಟಲೆ ಕಾಯಬೇಕು. ಯಾಕೆ ಕಾಯಬೇಕು, ಯಾರನ್ನು ಕೇಳಬೇಕು ಅಂತ ತಿಳಿಯಬೇಕಾದರೆ ಆ ಲ್ಯಾಬಿಗೆ ದುಡ್ಡು ಕೊಡುವವರು ಯಾರು ಅಂತ ಮೊದಲು ತಿಳಿಯಬೇಕು.

ಅಮೆರಿಕದಲ್ಲಿ ಒಂದೇ ಲ್ಯಾಬ್ ವ್ಯವಸ್ಥೆ ಅಂತ ಇಲ್ಲ. 2014ರ ಸರ್ಕಾರಿ ಗಣತಿಯಲ್ಲಿ ಸಾರ್ವಜನಿಕ ದುಡ್ಡಿನಲ್ಲಿ ನಡೆಯುವ 409 ಕ್ರೈಮ್ ಲ್ಯಾಬ್‌ಗಳು ಸಿಕ್ಕವು. ಕೆಲವು ರಾಜ್ಯ ಪೊಲೀಸರವು, ಕೆಲವು ಕೌಂಟಿಯವು (ನಮ್ಮ ಜಿಲ್ಲೆ ಇದ್ದ ಹಾಗೆ ಅಂದುಕೊಳ್ಳಿ), ಕೆಲವು ನಗರದ ಪೊಲೀಸ್ ಇಲಾಖೆಯವು. ಎಫ್‌ಬಿಐ ಲ್ಯಾಬ್ ವರ್ಜೀನಿಯಾದ ಕ್ವಾಂಟಿಕೋದಲ್ಲಿದೆ. ಅದು ಕೇಂದ್ರದ್ದು, ಆದರೆ ನಿಮ್ಮ ಮನೆ ಕಳ್ಳತನದ ಬೆರಳಚ್ಚು ಅಲ್ಲಿಗೆ ಹೋಗುವುದಿಲ್ಲ. ನೀವಿರುವ ಊರಿನ, ಕೌಂಟಿಯ ಅಥವಾ ರಾಜ್ಯದ ಲ್ಯಾಬಿಗೆ ಹೋಗುತ್ತದೆ, ಆ ಲ್ಯಾಬಿನ ಸಂಬಳ, ಕಟ್ಟಡ, ಯಂತ್ರದ ದುಡ್ಡು ಹೆಚ್ಚಾಗಿ ಆ ಊರಿನ, ಕೌಂಟಿಯ ಅಥವಾ ರಾಜ್ಯದ ಬಜೆಟ್ಟಿನಿಂದಲೇ ಬರುತ್ತದೆ, ಅಂದರೆ ನೀವು ಕಟ್ಟುವ ಪ್ರಾಪರ್ಟಿ ಟ್ಯಾಕ್ಸ್, ಸೇಲ್ಸ್ ಟ್ಯಾಕ್ಸಿನಂಥ ತೆರಿಗೆಗಳಿಂದ. ಹಾಗಾಗಿ ಪಕ್ಕದ ಕೌಂಟಿಯಲ್ಲಿರುವ ನಿಮ್ಮ ಗೆಳೆಯರಿಗೆ ಬೇಗ ಆದ ಕೆಲಸ ನಿಮಗೆ ಬೇಗ ಆಗದೆ ಇರಬಹುದು.

ಇದರ ಮೇಲೆ ವಾಷಿಂಗ್ಟನ್ನಿನಿಂದ ಅನುದಾನ ಬರುತ್ತದೆ. ಇದು ತಾನಾಗಿ ಬರುವುದಲ್ಲ, ಅರ್ಜಿ ಹಾಕಿ ಪಡೆಯಬೇಕು, ಅವಧಿ ಮುಗಿದರೆ ಮತ್ತೆ ಹಾಕಬೇಕು. ದೊಡ್ಡ ಪಾಲು ಡಿಎನ್‌ಎಗೆ ಹೋಗುತ್ತದೆ. ಅದರ ಹಿಂದೆ 2004ರ ಡೆಬ್ಬಿ ಸ್ಮಿತ್ ಕಾಯ್ದೆ ಇದೆ. ವರ್ಜೀನಿಯಾದ ಡೆಬ್ಬಿ ಸ್ಮಿತ್ ಅನ್ನುವ ಮಹಿಳೆಯ ಮೇಲೆ 1989ರಲ್ಲಿ ಅತ್ಯಾಚಾರ ಆಯಿತು, ಅಪರಾಧಿ ಯಾರು ಅಂತ ಡಿಎನ್‌ಎ ಹೊಂದಿಕೆಯಿಂದ ತಿಳಿಯೋಕೆ ಆರು ವರ್ಷ ಹಿಡಿಯಿತು. ಆಕೆ ಸುಮ್ನೆ ಕೂರಲಿಲ್ಲ, ಸಂಸತ್ತಿನವರೆಗೆ ಹೋದರು. ಕವರ್‌ಡೆಲ್ ಅನ್ನುವ ಇನ್ನೊಂದು ಅನುದಾನವೂ ಇದೆ, ಅದನ್ನು ಡಿಎನ್‌ಎ ಬಿಟ್ಟು ಬೇರೆ ವಿಭಾಗಗಳಿಗೂ ಶವಪರೀಕ್ಷೆಯ ಕಚೇರಿಗಳಿಗೂ ಬಳಸಬಹುದು. ಮೊತ್ತ ಮಾತ್ರ ಚಿಕ್ಕದು. ಹೀಗಾಗಿ ಡಿಎನ್‌ಎ ಕೋಣೆಯಲ್ಲಿ ಹೊಸ ಯಂತ್ರ ಇರುತ್ತದೆ, ಪಕ್ಕದಲ್ಲಿ ರಕ್ತದಲ್ಲಿನ ವಿಷ ಅಥವಾ ಮಾದಕ ವಸ್ತು ನೋಡುವ ಟಾಕ್ಸಿಕಾಲಜಿಯಲ್ಲಿ ಜನವೇ ಇರುವುದಿಲ್ಲ. ನಿಮ್ಮ ಕೇಸು ಯಾವ ಕೋಣೆಯಲ್ಲಿ ಸಿಕ್ಕಿಕೊಂಡಿದೆ ಅಂತ ಕೇಳಿ ತಿಳಿದುಕೊಳ್ಳಿ. ತನಿಖೆ ಮಾಡುವ ಡಿಟೆಕ್ಟಿವ್ ಅಥವಾ ಪ್ರಾಸಿಕ್ಯೂಟರ್ ಕಚೇರಿಯಲ್ಲಿರುವ ಸಂತ್ರಸ್ತರ ಸಹಾಯಕರು ಅದನ್ನು ಹೇಳಬಲ್ಲರು.

ಮಿಷಿಗನ್‌ನಲ್ಲಿ ನಮ್ಮವರು ಎಷ್ಟೊಂದು ಜನ ಇದ್ದಾರೆ, ನೋವೈ, ಟ್ರಾಯ್ ಕಡೆ. ಅಲ್ಲೇ ಪಕ್ಕದ ಡೆಟ್ರಾಯಿಟ್‌ನಲ್ಲಿ 2008ರಲ್ಲಿ ಪೊಲೀಸ್ ಲ್ಯಾಬನ್ನೇ ಮುಚ್ಚಿದರು, ಬಂದೂಕಿನ ಪರೀಕ್ಷೆಗಳಲ್ಲಿ ತಪ್ಪುಗಳು ಸಿಕ್ಕಿದ್ದಕ್ಕೆ. ಮಾರನೇ ವರ್ಷ ಪೊಲೀಸರ ಒಂದು ಗೋದಾಮಿನಲ್ಲಿ, ಅತ್ಯಾಚಾರದ ಸಾಕ್ಷ್ಯವಿದ್ದ 11,000ಕ್ಕೂ ಹೆಚ್ಚು ಕಿಟ್‌ಗಳು ಪರೀಕ್ಷೆಯೇ ಆಗದೆ ಬಿದ್ದಿದ್ದು ಸಿಕ್ಕಿತು. ಒಂದೊಂದು ಕಿಟ್ಟಿನ ಹಿಂದೆಯೂ ಒಬ್ಬ ಹೆಣ್ಣುಮಗಳು ಆಸ್ಪತ್ರೆಯಲ್ಲಿ ಗಂಟೆಗಟ್ಟಲೆ ಕಷ್ಟಪಟ್ಟು ಪರೀಕ್ಷೆಗೆ ಒಪ್ಪಿಕೊಂಡಿರುತ್ತಾಳೆ. ಅದನ್ನೆಲ್ಲ ಪರೀಕ್ಷೆ ಮಾಡಿಸೋಕೆ ಸರ್ಕಾರದ ದುಡ್ಡು ಸಾಲಲಿಲ್ಲ, ಜನರಿಂದ ದೇಣಿಗೆ ಎತ್ತಬೇಕಾಯಿತು. ಇಂಥದ್ದಕ್ಕೆ ಅಂತಲೇ 2015ರಲ್ಲಿ ಕೇಂದ್ರ ಬೇರೆ ಅನುದಾನ ಶುರುಮಾಡಿತು. ನ್ಯಾಯಕ್ಕೆ ದೇಣಿಗೆ ಎತ್ತಬೇಕಾದ ಸ್ಥಿತಿ ಯಾವ ದೇಶಕ್ಕೂ ಬರಬಾರದು.

ಅತ್ಯಾಚಾರದ ವಿಷಯ ಬಂದಿದ್ದರಿಂದ ಇದನ್ನು ಬಿಡಿಸಿ ಹೇಳುತ್ತೇನೆ, ಎಚ್-4 ವೀಸಾದಲ್ಲಿ (ಅಲ್ಲಿ ಕೆಲಸದ ವೀಸಾದಲ್ಲಿರುವವರ ಹೆಂಡತಿ ಅಥವಾ ಗಂಡನಿಗೆ ಸಿಗುವ ವೀಸಾ) ಇರುವ ಹೆಣ್ಣುಮಕ್ಕಳಿಗೆ ಮುಖ್ಯವಾಗಿ. ಫೊರೆನ್ಸಿಕ್ ಪರೀಕ್ಷೆಗೆ ನೀವು ದುಡ್ಡು ಕೊಡಬೇಕಿಲ್ಲ. ಇನ್ಶೂರೆನ್ಸ್ ಇಲ್ಲದಿದ್ದರೂ ಅಷ್ಟೇ, ಗಂಡನ ಇನ್ಶೂರೆನ್ಸಿನ ಹಂಗೂ ಬೇಡ. ಪೊಲೀಸರಿಗೆ ದೂರು ಕೊಡದಿದ್ದರೂ ಪರೀಕ್ಷೆ ಮಾಡಿಸಿಕೊಳ್ಳಬಹುದು. ಕೇಂದ್ರದ ಅನುದಾನ ಬೇಕಿದ್ದರೆ ರಾಜ್ಯಗಳು ಈ ಷರತ್ತನ್ನು ಪಾಲಿಸಲೇಬೇಕು. ಆಸ್ಪತ್ರೆಯ ಬಿಲ್ ಮನೆಗೆ ಬಂದರೆ ಕಟ್ಟಿಬಿಡಬೇಡಿ, ಆ ರಾಜ್ಯದ ಸಂತ್ರಸ್ತರ ಪರಿಹಾರ ಕಚೇರಿಗೆ ಫೋನ್ ಮಾಡಿ.

ಸಾವಿನ ವಿಷಯಕ್ಕೆ ಬರೋಣ. ಅಪಘಾತ, ಆತ್ಮಹತ್ಯೆ, ಮನೆಯಲ್ಲಿ ದಿಢೀರ್ ಸಾವು, ಹೀಗೇನಾದರೂ ಆದರೆ ಸಾವಿನ ಕಾರಣ ಪತ್ತೆಹಚ್ಚಲು ಕೌಂಟಿಯ ಅಥವಾ ರಾಜ್ಯದ ಮೆಡಿಕಲ್ ಎಕ್ಸಾಮಿನರ್ ಬರುತ್ತಾರೆ. ಅವರು ಸಾಮಾನ್ಯವಾಗಿ ವೈದ್ಯರು. ಕೆಲವು ಕಡೆ ಅವರ ಬದಲು ಕೊರೋನರ್ ಇರುತ್ತಾರೆ, ಅವರನ್ನು ಬಹಳ ಕಡೆ ಜನ ಓಟು ಹಾಕಿ ಆರಿಸುತ್ತಾರೆ, ಅವರು ವೈದ್ಯರೇ ಆಗಿರಬೇಕು ಅಂತಿಲ್ಲ. ಅವರು ಆದೇಶ ಮಾಡಿದ ಪೋಸ್ಟ್‌ಮಾರ್ಟಂಗೆ, ಇಲ್ಲಿ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಆದಂತೆಯೇ, ಮನೆಯವರಿಂದ ದುಡ್ಡು ಕೇಳುವುದಿಲ್ಲ. ನೀವಾಗಿ ಇನ್ನೊಂದು ಪೋಸ್ಟ್‌ಮಾರ್ಟಂ ಮಾಡಿಸಿದರೆ ಅದರ ಸಾವಿರಾರು ಡಾಲರ್ ನಿಮ್ಮದೇ. ಟಾಕ್ಸಿಕಾಲಜಿ ಬರುವ ತನಕ ಮರಣ ಪ್ರಮಾಣಪತ್ರದಲ್ಲಿ ಸಾವಿನ ಕಾರಣದ ಜಾಗದಲ್ಲಿ "ಪೆಂಡಿಂಗ್" ಅಂತ ಇರಬಹುದು. ಇದನ್ನು ನೋಡಿ ಜಯನಗರದಲ್ಲೋ ರಾಜಾಜಿನಗರದಲ್ಲೋ ಕೂತ ತಂದೆತಾಯಿ ಏನೋ ಮುಚ್ಚಿಡುತ್ತಿದ್ದಾರೆ ಅಂತ ಒದ್ದಾಡುತ್ತಾರೆ. ಬಹಳ ಸಲ ಅದು ಲ್ಯಾಬಿನ ಸಾಲು, ಅಷ್ಟೇ. ಅವರಿಗೆ ಮೊದಲೇ ಬಿಡಿಸಿ ಹೇಳಿ. ದೇಹವನ್ನು ಊರಿಗೆ ಕಳಿಸಬೇಕಿದ್ದರೆ ಫ್ಯೂನರಲ್ ಹೋಮ್ (ಅಂತ್ಯಸಂಸ್ಕಾರದ ಏರ್ಪಾಡು ನೋಡಿಕೊಳ್ಳುವ ಸಂಸ್ಥೆ) ಮತ್ತು ಭಾರತದ ಕಾನ್ಸುಲೇಟ್ ಎರಡನ್ನೂ ಮೊದಲ ದಿನವೇ ಸಂಪರ್ಕಿಸಿ. ಧರ್ಮದ ಕಾರಣಕ್ಕೆ ದೇಹ ಕೊಯ್ಯುವುದು ಬೇಡ ಅಂದರೆ ನ್ಯೂಯಾರ್ಕ್, ನ್ಯೂಜೆರ್ಸಿ, ಕ್ಯಾಲಿಫೋರ್ನಿಯಾದಂಥ ಕೆಲವು ರಾಜ್ಯಗಳಲ್ಲಿ ಆಕ್ಷೇಪ ಹೇಳಲು ಕಾನೂನಿನಲ್ಲಿ ದಾರಿ ಇದೆ, ಆದರೆ ಕೊಲೆಯ ಅನುಮಾನ ಇದ್ದರೆ ಅದು ನಡೆಯುವುದಿಲ್ಲ.

ನಿಮ್ಮ ಮೇಲೆಯೇ ಕೇಸಾದರೆ? ಕುಡಿದು ಗಾಡಿ ಓಡಿಸಿದ್ದು, ಕಾರಿನಲ್ಲಿ ಏನೋ ಪುಡಿ ಸಿಕ್ಕಿದ್ದು, ಇಂಥವು ನಮ್ಮ ಹುಡುಗರಿಗೂ ಆಗುತ್ತವೆ. ಲ್ಯಾಬ್ ರಿಪೋರ್ಟ್ ಬರುವ ಮುಂಚೆ ತಪ್ಪೊಪ್ಪಿಕೊಂಡು ಮುಗಿಸಿಬಿಡೋಣ ಅನ್ನುವ ಒತ್ತಡ ಬರುತ್ತದೆ. ದಯವಿಟ್ಟು ಅವಸರ ಮಾಡಬೇಡಿ. ಟೆಕ್ಸಸ್‌ನ ಹ್ಯಾರಿಸ್ ಕೌಂಟಿಯಲ್ಲಿ, ಅಂದರೆ ಹ್ಯೂಸ್ಟನ್‌ನಲ್ಲಿ, ಎಷ್ಟೋ ಜನ ಹಾಗೆ ಒಪ್ಪಿಕೊಂಡು ಶಿಕ್ಷೆಯನ್ನೂ ಅನುಭವಿಸಿದರು. ಸಾಲಿನಲ್ಲಿದ್ದ ಪರೀಕ್ಷೆ ಕೊನೆಗೆ ಆದಾಗ ಅದು ಮಾದಕ ವಸ್ತುವೇ ಅಲ್ಲ ಅಂತ ಬಂತು. ವೀಸಾದಲ್ಲಿರುವವರು ತಪ್ಪೊಪ್ಪಿಕೊಂಡರೆ ಗಡೀಪಾರೂ ಆಗಬಹುದು. ಅದನ್ನು ಮೊದಲೇ ತಿಳಿಸುವುದು ವಕೀಲರ ಕರ್ತವ್ಯ ಅಂತ ಅಲ್ಲಿನ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಕೆಲವು ರಾಜ್ಯಗಳು ಶಿಕ್ಷೆಯಾದ ಮೇಲೆ ಲ್ಯಾಬ್ ಶುಲ್ಕವನ್ನೂ ಹಾಕುತ್ತವೆ. ನಾರ್ತ್ ಕೆರೊಲಿನಾದಲ್ಲಿ ಅದು 600 ಡಾಲರ್. ಶಿಕ್ಷೆಯಾದರೆ ಮಾತ್ರ ವಸೂಲಾಗುವ ಶುಲ್ಕ ನನಗೆ ಸರಿ ಕಾಣುವುದಿಲ್ಲ, ಪರೀಕ್ಷೆಯ ಖರ್ಚು ತೀರ್ಪಿಗೆ ಅಂಟಿಕೊಂಡಿರಬಾರದು.

ಇನ್ನೊಂದು ವಿಷಯ ನಮ್ಮವರಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಆರೋಪಿಗೆ ದುಡ್ಡಿಲ್ಲದಿದ್ದರೆ ಅವನ ಪರ ತಜ್ಞರಿಗೂ ಸರ್ಕಾರದ ದುಡ್ಡು ಕೇಳಬಹುದು. 1985ರಿಂದ ಈ ಹಕ್ಕಿಗೆ ಸುಪ್ರೀಂ ಕೋರ್ಟಿನ ಬಲ ಇದೆ. ವಕೀಲರು ಜಡ್ಜಿಗೆ ಅರ್ಜಿ ಹಾಕಬೇಕು. ಮನೆಯವರು ಸಾಲ ಮಾಡಿ ವಕೀಲರ ಫೀಸು ಕೊಟ್ಟಿದ್ದರೂ ತಜ್ಞರಿಗೆ ದುಡ್ಡಿಲ್ಲ ಅಂತ ಹಲವು ಕಡೆ ಕೇಳಬಹುದು. ಅಲಬಾಮಾದ ಆಂಟನಿ ರೇ ಹಿಂಟನ್ ಕೇಸನ್ನು ನಾನು ಇಲ್ಲಿ ಕಿರಿಯ ವಕೀಲರಿಗೆಲ್ಲ ಹೇಳುತ್ತೇನೆ. ಎರಡು ಕೊಲೆಯ ಆರೋಪ, ಸಾಕ್ಷ್ಯ ಅಂದರೆ ಮುಖ್ಯವಾಗಿ ಗುಂಡುಗಳು. ಅವನ ತಾಯಿಯ ಮನೆಯಲ್ಲಿ ಸಿಕ್ಕ ರಿವಾಲ್ವರಿನಿಂದಲೇ ಹಾರಿದವು ಅಂತ ಸರ್ಕಾರಿ ಲ್ಯಾಬ್ ಹೇಳಿತು. ತಜ್ಞರಿಗೆ ಸಾವಿರ ಡಾಲರ್ ಮಾತ್ರ ಸಿಗುತ್ತದೆ ಅಂತ ಅವನ ವಕೀಲರು ನಂಬಿಕೊಂಡಿದ್ದರು. ಆ ಮಿತಿಯನ್ನು ಕಾನೂನು ಆಗಲೇ ತೆಗೆದುಹಾಕಿತ್ತು, ಅವರು ನೋಡಲಿಲ್ಲ. ಸಾವಿರಕ್ಕೆ ಸಿಕ್ಕ ತಜ್ಞನ ಮಾತು ಕೋರ್ಟಿನಲ್ಲಿ ನಿಲ್ಲಲಿಲ್ಲ. ಹಿಂಟನ್ ಸುಮಾರು 30 ವರ್ಷ ಗಲ್ಲಿನ ಕೋಣೆಯಲ್ಲಿದ್ದ. 2014ರಲ್ಲಿ ಸುಪ್ರೀಂ ಕೋರ್ಟ್ ವಕೀಲರ ತಪ್ಪನ್ನು ಎತ್ತಿ ತೋರಿಸಿತು, 2015ರಲ್ಲಿ ಬಿಡುಗಡೆಯಾಯಿತು. ಗುಂಡುಗಳು ಆ ರಿವಾಲ್ವರಿನವು ಅಂತ ಸಾಬೀತು ಮಾಡೋಕೆ ಸರ್ಕಾರದ ಕಡೆಯವರಿಗೇ ಆಗಲಿಲ್ಲ. ಅದಕ್ಕೇ ನಿಮ್ಮ ವಕೀಲರನ್ನು ನೇರವಾಗಿ ಕೇಳಿ: ತಜ್ಞರಿಗೆ ಅರ್ಜಿ ಹಾಕಿದ್ದೀರಾ, ಎಷ್ಟು ಕೇಳಿದ್ದೀರಿ, ಎಷ್ಟು ಮಂಜೂರಾಯಿತು?

ರಿಪೋರ್ಟ್ ಬರೆದ ವಿಶ್ಲೇಷಕರನ್ನು ಕೋರ್ಟಿಗೆ ಕರೆಸಿ ಪಾಟೀಸವಾಲು ಮಾಡುವ ಹಕ್ಕೂ 2009ರ ತೀರ್ಪಿನಿಂದ ಗಟ್ಟಿಯಾಗಿದೆ. ಬರೀ ಕಾಗದ ಸಾಲದು.

ಲ್ಯಾಬೇ ತಪ್ಪು ಮಾಡಿದೆ ಅಂತ ಅನ್ನಿಸಿದರೆ ದೂರು ಕೊಡುವ ಜಾಗ ಇದೆ. ಕವರ್‌ಡೆಲ್ ದುಡ್ಡು ಪಡೆಯುವವರು, ಗಂಭೀರ ನಿರ್ಲಕ್ಷ್ಯದ ಆರೋಪ ಬಂದಾಗ ಹೊರಗಿನವರು ಸ್ವತಂತ್ರವಾಗಿ ತನಿಖೆ ಮಾಡುವ ವ್ಯವಸ್ಥೆ ಇದೆ ಅಂತ ಖಾತ್ರಿ ಕೊಡಬೇಕು. ಟೆಕ್ಸಸ್‌ನಲ್ಲಿ 2005ರಿಂದ ಇದಕ್ಕೇ ಒಂದು ಆಯೋಗ ಇದೆ, ಯಾರು ಬೇಕಾದರೂ ದೂರು ಕೊಡಬಹುದು. ಹ್ಯೂಸ್ಟನ್ ನಗರ 2014ರಲ್ಲಿ ತನ್ನ ಲ್ಯಾಬನ್ನು ಪೊಲೀಸರ ಕೈಯಿಂದ ತೆಗೆದು ಬೇರೆ ಮಂಡಳಿಗೆ ಕೊಟ್ಟಿತು, ದುಡ್ಡು ನಗರದ್ದೇ, ಹಿಡಿತ ಮಾತ್ರ ಪೊಲೀಸರದಲ್ಲ. ಮಡಿವಾಳದ ಲ್ಯಾಬಿಗೂ ಇಂಥ ದೂರ ಬೇಕು ಅಂತ ನಾನು ಬಹಳ ದಿನದಿಂದ ವಾದಿಸುತ್ತಿದ್ದೇನೆ. ನೀವಿರುವ ಕೌಂಟಿಯಲ್ಲಿ ಬಜೆಟ್ ಮೇಲೆ ಸಾರ್ವಜನಿಕ ಸಭೆ ನಡೆಯುತ್ತದೆ, ಅಲ್ಲಿ ಮಾತಾಡೋಕೆ ಪೌರತ್ವ ಬೇಕಿಲ್ಲ. ಲ್ಯಾಬಿನಲ್ಲಿ ಎಷ್ಟು ಹುದ್ದೆ ಖಾಲಿ ಇದೆ, ಎಷ್ಟು ಕಿಟ್ ಬಾಕಿ ಇದೆ ಅಂತ ಅಲ್ಲಿ ಎದ್ದು ನಿಂತು ಕೇಳಿ.