ಜರ್ಮನಿಯ ಸ್ಟೂಡೆಂಟ್ ವೀಸಾಗೆ ನಾನು ಕಾಗದಪತ್ರ ಹೊಂದಿಸಿದ್ದು ಹೀಗೆ

ಜರ್ಮನಿಗೆ ಓದಲು ಹೋಗಬೇಕು ಅಂತ ತೀರ್ಮಾನ ಮಾಡಿದ ಮೇಲೆ ಮೊದಲು ಕೂತು ಸರಿ ಮಾಡಿಕೊಂಡಿದ್ದು ನನ್ನ ಹೆಸರನ್ನು. ನಮ್ಮದು ಹಿರಿಯೂರು ಕಡೆ. ನಮ್ಮಲ್ಲಿ ಹೆಸರಿಗೆ ಇನಿಷಿಯಲ್ ಇರುತ್ತದೆ, ಸರ್‌ನೇಮ್ ಅಂತ ಪ್ರತ್ಯೇಕವಾಗಿ ಇರುವುದಿಲ್ಲ. ಎಸ್ಎಸ್ಎಲ್‌ಸಿ ಅಂಕಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಒಂದು ಇನಿಷಿಯಲ್, ವಿಟಿಯು ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆ ಎರಡು. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗದಲ್ಲಿ ಅಪ್ಪನ ಪೂರ್ತಿ ಹೆಸರು. ನಮಗೆ ಇದೆಲ್ಲ ಒಬ್ಬರದೇ ಅಂತ ಗೊತ್ತು. ಫೈಲ್ ನೋಡುವ ಜರ್ಮನ್ ಅಧಿಕಾರಿಗೆ ಹೇಗೆ ಗೊತ್ತಾಗಬೇಕು?

ಅದಕ್ಕೆ ಎಲ್ಲ ದಾಖಲೆಗಳನ್ನೂ ಮುಂದೆ ಹರಡಿಕೊಂಡು, ಯಾವುದರಲ್ಲಿ ಹೆಸರು ಹೇಗಿದೆ ಅಂತ ಬರೆದುಕೊಂಡೆ. ಈ ಎಲ್ಲ ಹೆಸರೂ ಒಬ್ಬರದೇ ಅಂತ ನೋಟರಿ ಹತ್ತಿರ ಅಫಿಡವಿಟ್ ಮಾಡಿಸಿದೆ. ಆಮೇಲೆ ಹೊಸದಾಗಿ ತುಂಬಿದ ಪ್ರತಿ ಅರ್ಜಿಯಲ್ಲೂ, ಅಂದರೆ ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆ, ವಿಶ್ವವಿದ್ಯಾಲಯ, ಬ್ಲಾಕ್ಡ್ ಅಕೌಂಟ್ (ಅಲ್ಲಿನ ಖರ್ಚಿನ ದುಡ್ಡನ್ನು ಮೊದಲೇ ಇಟ್ಟು ತೋರಿಸುವ ಖಾತೆ), ಇನ್ಶೂರೆನ್ಸ್ ಎಲ್ಲದರಲ್ಲೂ, ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೇ ಅಕ್ಷರ ಬಿಡದೆ ಬರೆದೆ. ನನ್ನ ಗೆಳತಿಯೊಬ್ಬಳ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿಯೇ ಇತ್ತು. ಅವಳು ಯಾವ ಅರ್ಜಿಗೂ ಕೈ ಹಾಕುವ ಮೊದಲೇ ಪಾಸ್‌ಪೋರ್ಟ್ ಮರುವಿತರಣೆಗೆ ಹಾಕಿ ಸರಿ ಮಾಡಿಸಿಕೊಂಡಳು. ನಿಮ್ಮದೂ ಹಾಗೇ ಇದ್ದರೆ ದಯವಿಟ್ಟು ಅದನ್ನೇ ಮೊದಲ ಕೆಲಸ ಮಾಡಿಕೊಳ್ಳಿ.

ಎರಡನೆಯದು ಎಪಿಎಸ್ ಸರ್ಟಿಫಿಕೇಟ್. 2022ರ ನವೆಂಬರ್ 1ರಿಂದ ಭಾರತದ ವಿದ್ಯಾರ್ಥಿಗಳಿಗೆ ಇದು ಕಡ್ಡಾಯ. ನಮ್ಮ ಅಂಕಪಟ್ಟಿ, ಪದವಿ ಎಲ್ಲ ಅಸಲಿಯೇ ಅಂತ ದೆಹಲಿಯಲ್ಲಿರುವ ಎಪಿಎಸ್ ಕಚೇರಿ ಪರಿಶೀಲಿಸಿ ಕೊಡುವ ಪತ್ರ ಇದು. ನಾನು ಕಟ್ಟಿದ ಶುಲ್ಕ 18,000 ರೂಪಾಯಿ. ಅಡ್ಮಿಷನ್ ಬರಲಿ, ಆಮೇಲೆ ನೋಡೋಣ ಅಂತ ತುಂಬಾ ಜನ ಇದನ್ನು ಮುಂದಕ್ಕೆ ಹಾಕುತ್ತಾರೆ. ಅಡ್ಮಿಷನ್ನಿಗೇ ಅನೇಕ ವಿಶ್ವವಿದ್ಯಾಲಯಗಳು ಇದನ್ನು ಕೇಳುತ್ತವೆ. ಒಮ್ಮೆ ತೆಗೆದುಕೊಂಡರೆ ಎಷ್ಟು ವಿಶ್ವವಿದ್ಯಾಲಯಗಳಿಗೆ ಬೇಕಾದರೂ ಅದನ್ನೇ ಕೊಡಬಹುದು. ನಾನು ಎಲ್ಲಕ್ಕಿಂತ ಮೊದಲೇ ಹಾಕಿದ್ದರಿಂದ ಆಮೇಲೆ ಓಡಾಟ ಉಳಿಯಿತು.

ಇನ್ನು ದುಡ್ಡು. ಜಾಸ್ತಿ ನಿದ್ದೆ ಕೆಡಿಸಿದ್ದು ಇದೇ. ಬ್ಲಾಕ್ಡ್ ಅಕೌಂಟ್‌ನಲ್ಲಿ ಒಂದು ವರ್ಷದ ಖರ್ಚಿಗೆ 11,904 ಯೂರೋ ಇಡಬೇಕಿತ್ತು. ಜರ್ಮನಿಗೆ ಹೋದ ಮೇಲೆ ಅದರಿಂದ ತಿಂಗಳಿಗೆ 992 ಯೂರೋ ನಮ್ಮ ಕೈಗೆ ಬರುತ್ತದೆ. ನಾನು ಹೋಗಿದ್ದು 2025ರಲ್ಲಿ, ಆಗಿನ ದರಕ್ಕೆ ಅದು ಸುಮಾರು 12 ಲಕ್ಷ ರೂಪಾಯಿ. ಜರ್ಮನಿಯಲ್ಲಿ ಓದು ಪೂರ್ತಿ ಫ್ರೀ ಅನ್ನುವ ಮಾತನ್ನೂ ಸುಮ್ನೆ ನಂಬಬೇಡಿ. ನನಗೆ ಸೀಟು ಸಿಕ್ಕಿದ್ದು ಸ್ಟುಟ್‌ಗಾರ್ಟ್‌ನಲ್ಲಿ. ಅದು ಇರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ 2017ರಿಂದ ನಮ್ಮಂಥ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ ಶುಲ್ಕ ಇದೆ.

ಅಪ್ಪ ಮೊದಲು ತೋಟದ ಪಹಣಿ ಹಿಡಿದುಕೊಂಡು ಬ್ಯಾಂಕಿಗೆ ಹೊರಟರು. ಓದಿನ ಸಾಲಕ್ಕೆ ಕೃಷಿ ಜಮೀನನ್ನು ಬ್ಯಾಂಕಿನವರು ಸಾಮಾನ್ಯವಾಗಿ ಅಡಮಾನಕ್ಕೆ ಒಪ್ಪುವುದಿಲ್ಲ. ಕೊನೆಗೆ ಊರಿನ ಮನೆಯ ಮೇಲೆ ಸಾಲ ಆಯಿತು. ಪಂಚಾಯಿತಿಯಿಂದ ಇ-ಸ್ವತ್ತು ಅನ್ನುವ ಮನೆಯ ಆಸ್ತಿ ದಾಖಲೆ, ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಇಸಿ, ಅಂದರೆ ಋಣಭಾರ ಪತ್ರ, ಕಂದಾಯ ರಸೀದಿ, ಇವೆಲ್ಲ ಕೂಡಿಸಲು ಹಿಡಿದಷ್ಟು ಹೊತ್ತು ಇನ್ಯಾವುದಕ್ಕೂ ಹಿಡಿಯಲಿಲ್ಲ. ಹಳ್ಳಿಯ ಮನೆ ಇರುವವರು ಇ-ಸ್ವತ್ತನ್ನು ಮೊದಲೇ ಮಾಡಿಸಿಟ್ಟುಕೊಳ್ಳಿ.

ದುಡ್ಡು ಕಳಿಸುವಾಗ ಎರಡು ಸಂಗತಿ ನೋಡಿಕೊಂಡೆ. ಒಂದು ಟಿಸಿಎಸ್, ಅಂದರೆ ಹೊರದೇಶಕ್ಕೆ ದುಡ್ಡು ಕಳಿಸುವಾಗ ಬ್ಯಾಂಕು ಮೊದಲೇ ಹಿಡಿಯುವ ತೆರಿಗೆ. 2025ರ ಏಪ್ರಿಲ್‌ನಿಂದ ಇದ್ದ ನಿಯಮದ ಪ್ರಕಾರ ಸ್ವಂತ ದುಡ್ಡಿನಿಂದ ಓದಿಗೆ ಕಳಿಸಿದರೆ ವರ್ಷಕ್ಕೆ 10 ಲಕ್ಷ ದಾಟಿದ ಭಾಗಕ್ಕೆ 5% ಹಿಡಿಯುತ್ತಿದ್ದರು, ಬ್ಯಾಂಕಿನ ಓದಿನ ಸಾಲದಿಂದ ಕಳಿಸಿದರೆ ಹಿಡಿಯುತ್ತಿರಲಿಲ್ಲ. ಹಾಗಾಗಿ ಸಾಲದ ಖಾತೆಯಿಂದಲೇ ನೇರವಾಗಿ ಕಳಿಸಿದೆವು. ಇನ್ನೊಂದು, ಮಧ್ಯದ ಬ್ಯಾಂಕುಗಳು ಮುರಿದುಕೊಳ್ಳುವ ಚಾರ್ಜು. ಕೆಲವೇ ಯೂರೋ ಕಮ್ಮಿ ಬಂದರೂ ಹಣ ಪೂರ್ತಿ ಜಮೆ ಆಗಿದೆ ಅನ್ನುವ ಪತ್ರ ಸಿಗುವುದಿಲ್ಲ. ಹೊರದೇಶಕ್ಕೆ ದುಡ್ಡು ಕಳಿಸಲು ಬ್ಯಾಂಕಿಗೆ ಕೊಡುವ ಎ2 ಫಾರ್ಮ್ ತುಂಬುವಾಗಲೇ ಎಲ್ಲ ಚಾರ್ಜೂ ನಮ್ಮ ಕಡೆಯಿಂದಲೇ ಅಂತ ಹೇಳಿ, ಮೇಲೊಂದಿಷ್ಟು ಸೇರಿಸಿ ಕಳಿಸಿದೆವು.

ಎಲ್ಲಕ್ಕಿಂತ ಮನಸ್ಸಿಟ್ಟು ಮಾಡಿದ ಕೆಲಸ ಮೋಟಿವೇಷನ್ ಲೆಟರ್, ಅಂದರೆ ಈ ಕೋರ್ಸ್ ಯಾಕೆ ಓದಬೇಕು ಅಂತ ನಾವೇ ಬರೆಯುವ ಪತ್ರ. ಒಬ್ಬ ಏಜೆಂಟ್ ರೆಡಿ ಪತ್ರ ಕೊಡುತ್ತೇನೆ, ಹೆಸರು ಬದಲಿಸಿದರೆ ಸಾಕು ಅಂದರು. ಬೇಡ ಅಂದೆ. ನಾನು ಸಿವಿಲ್ ಓದಿದವಳು, ಅಲ್ಲಿ ಓದಬೇಕಿದ್ದದ್ದು ಜಲಸಂಪನ್ಮೂಲ ಎಂಜಿನಿಯರಿಂಗ್. ಅದಕ್ಕೆ ಕಾರಣ ನಮ್ಮ ಊರಲ್ಲೇ ಇತ್ತು. ವೇದಾವತಿಗೆ ಕಟ್ಟಿದ ಮಾರಿಕಣಿವೆ, ಅಂದರೆ ವಾಣಿ ವಿಲಾಸ ಸಾಗರ, 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದಿದ್ದು 2022ರಲ್ಲಿ. ನಡುವಿನ ವರ್ಷಗಳಲ್ಲಿ ಬೋರ್‌ವೆಲ್ ಆಳ ಹೋಗುತ್ತಾ ಹೋಗಿದ್ದನ್ನು, ತೆಂಗು ಒಣಗಿದ್ದನ್ನು ನೋಡುತ್ತಲೇ ಬೆಳೆದವರು ನಾವು. ಇದನ್ನೇ ಬರೆದೆ. ಆ ಕೋರ್ಸಿನ ಯಾವ ವಿಷಯ ನನ್ನ ಊರಿನ ಯಾವ ತೊಂದರೆಗೆ ಬೇಕಾಗುತ್ತದೆ, ಓದು ಮುಗಿದ ಮೇಲೆ ಏನು ಮಾಡಬೇಕು ಅಂತಿದ್ದೇನೆ, ಅಂತ ಸರಳವಾಗಿ ಹೇಳಿದೆ. ಅಡ್ಮಿಷನ್ ಪತ್ರ, ಅಂಕಪಟ್ಟಿ, ಕೆಲಸದ ಅನುಭವ, ಈ ಲೆಟರ್ ಎಲ್ಲ ಸೇರಿ ಒಂದೇ ಕಥೆ ಹೇಳಬೇಕು. ಬೇರೆಯವರ ಪತ್ರ ನಕಲು ಮಾಡಿದರೆ ಅದು ಆಗುವುದಿಲ್ಲ, ಅಲ್ವಾ?

ಇನ್ಶೂರೆನ್ಸ್ ಸುಲಭವಾಗೇ ಮುಗಿಯಿತು. ವಿಶ್ವವಿದ್ಯಾಲಯದಲ್ಲಿ ನೋಂದಣಿ ಆಗುವವರೆಗೆ ಒಂದು ಟ್ರಾವೆಲ್ ಇನ್ಶೂರೆನ್ಸ್, ಆಮೇಲಿನದಕ್ಕೆ ಅಲ್ಲಿನ ಸರ್ಕಾರಿ ವ್ಯವಸ್ಥೆಯ ವಿದ್ಯಾರ್ಥಿ ವಿಮೆ. ಅರ್ಜಿಯನ್ನು ಆನ್‌ಲೈನ್‌ನಲ್ಲಿ ತುಂಬಿ, ಬೆಂಗಳೂರಿನಲ್ಲಿ ವೀಸಾ ಅರ್ಜಿ ತೆಗೆದುಕೊಳ್ಳುವ ವಿಎಫ್‌ಎಸ್ ಕೇಂದ್ರದಲ್ಲಿ ದಾಖಲೆ, ಬೆರಳಚ್ಚು ಕೊಟ್ಟು, 75 ಯೂರೋಗೆ ಸಮನಾದ ಶುಲ್ಕವನ್ನು ರೂಪಾಯಿಯಲ್ಲಿ ಕಟ್ಟಿದೆ.

ಇಷ್ಟೊಂದು ಎಚ್ಚರಿಕೆ ಯಾಕೆ ಅಂದರೆ, ಮೊದಲೆಲ್ಲ ವೀಸಾ ನಿರಾಕರಿಸಿದರೆ ಮರುಪರಿಶೀಲನೆ ಮಾಡಿ ಅಂತ ಕಾನ್ಸುಲೇಟಿಗೇ ಪತ್ರ ಬರೆಯಬಹುದಿತ್ತು. 2025ರ ಜುಲೈ 1ರಿಂದ ಆ ದಾರಿ ಮುಚ್ಚಿದೆ. ಈಗ ಹೊಸದಾಗಿ ಅರ್ಜಿ ಹಾಕಬೇಕು, ಇಲ್ಲವೇ ಜರ್ಮನಿಯ ಕೋರ್ಟಿಗೆ ಹೋಗಬೇಕು. ಅಷ್ಟರಲ್ಲಿ ಅಕ್ಟೋಬರ್ ಬಂದು ಸೆಮಿಸ್ಟರ್ ಶುರುವಾಗಿರುತ್ತದೆ.

ವೀಸಾ ಬಂತು ಅಂತ ಎಲ್ಲ ಕಾಗದಗಳನ್ನು ಊರಲ್ಲೇ ಬಿಟ್ಟು ಬರಬೇಡಿ. ಆ ವೀಸಾ ಕೆಲವು ತಿಂಗಳಿಗೆ ಮಾತ್ರ. ಅಲ್ಲಿ ಮನೆ ಸಿಕ್ಕಿದ ಕೂಡಲೇ ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು, ಆಮೇಲೆ ವಿದೇಶಿಯರ ಕಚೇರಿಯಲ್ಲಿ ವಾಸದ ಪರವಾನಗಿಗೆ ಅರ್ಜಿ ಹಾಕಬೇಕು. ಅಲ್ಲೂ ಪಾಸ್‌ಪೋರ್ಟ್, ಅಡ್ಮಿಷನ್, ದುಡ್ಡು, ಇನ್ಶೂರೆನ್ಸ್ ದಾಖಲೆ ಕೇಳುತ್ತಾರೆ. ನಾನು ಮೂಲ ಪ್ರತಿಗಳನ್ನು ಕ್ಯಾಬಿನ್ ಬ್ಯಾಗ್‌ನಲ್ಲಿ ಇಟ್ಟುಕೊಂಡು, ಒಂದು ಸೆಟ್ ಜೆರಾಕ್ಸ್ ಅಪ್ಪನ ಹತ್ತಿರ ಕೊಟ್ಟು ಬಂದೆ.