ಓವನ್ ಕಾವು ಸರಿಯಿಲ್ವಾ? ಸೆನ್ಸರ್ ಬದಲಿಸುವ ಮುಂಚೆ ಅಳೆದು ನೋಡಿ

ಕೇಕ್ ಮೇಲೆ ಸೀದು ಒಳಗೆ ಹಸಿ ಉಳಿಯಿತು ಅಂದರೆ ರಿಪೇರಿಯವರು ಹೇಳುವುದು ಎರಡೇ ಮಾತು: ಕಾವು ಅಳೆಯುವ ಸೆನ್ಸರ್ ಹೋಗಿದೆ, ಇಲ್ಲವೇ ಓವನ್ ನಡೆಸುವ ಎಲೆಕ್ಟ್ರಾನಿಕ್ ಬೋರ್ಡ್ ಹೋಗಿದೆ. ಹೋಗಿರಲೂಬಹುದು. ಆದರೆ ಅಳತೆ ನೋಡದೆ ದುಡ್ಡು ಕೊಡಬೇಡಿ. ಮೈಸೂರಿನಲ್ಲಿ ಮನೆಯಲ್ಲೇ ಕೇಕ್, ಬಿಸ್ಕತ್ತು ಮಾಡಿ ಮಾರುವವರು ಎಷ್ಟೋ ಜನ ಇದ್ದಾರೆ, ಅವರಿಗೆ ಓವನ್ ಒಂದು ವಾರ ನಿಂತರೆ ಆ ವಾರದ ಸಂಪಾದನೆಯೇ ನಿಂತ ಹಾಗೆ.

ಓವನ್ ನಿಧಾನವಾಗಿ ಬಿಸಿಯಾಗುತ್ತಿದ್ದರೆ ಮೊದಲು ವೋಲ್ಟೇಜ್ ನೋಡಿ. ಬೇಸಿಗೆಯಲ್ಲಿ, ಅದರಲ್ಲೂ ಮಂಡ್ಯದ ಹಳ್ಳಿಗಳ ಕಡೆ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಓಡುವ ಹೊತ್ತಿನಲ್ಲಿ, 230 ಇರಬೇಕಾದ ವೋಲ್ಟೇಜ್ 190ಕ್ಕೆ ಇಳಿದರೆ ಓವನ್ ಬಿಸಿ ಮಾಡುವ 2000 ವ್ಯಾಟ್‌ನ ರಾಡ್ ಕೊಡುವುದು ಸುಮಾರು 1365 ವ್ಯಾಟ್ ಅಷ್ಟೇ, ಯಾಕೆಂದರೆ ಕಾವು ವೋಲ್ಟೇಜಿನ ವರ್ಗಕ್ಕೆ (ವೋಲ್ಟೇಜನ್ನು ಅದರಿಂದಲೇ ಗುಣಿಸಿದ್ದಕ್ಕೆ) ತಕ್ಕಂತೆ ಕಮ್ಮಿಯಾಗುತ್ತದೆ. ಸೆನ್ಸರ್ ಏನು ಮಾಡೀತು? ಬಾಗಿಲಿನ ರಬ್ಬರ್ ಬೀಡಿಂಗ್ ಹರಿದಿದೆಯಾ ಅಂತಲೂ ಕೈಯಾಡಿಸಿ ನೋಡಿ. ಬೆಲ್ಲ ಹಾಕಿದ ಕೇಕ್ ಬೇಗ ಕಪ್ಪಾಗುತ್ತದೆ, ಅದನ್ನು ನೋಡಿ ಓವನ್ ಕೆಟ್ಟಿದೆ ಅಂದುಕೊಳ್ಳಬೇಡಿ.

ಆಮೇಲೆ ಒಳಗಿನ ನಿಜವಾದ ಕಾವು. ಓವನ್ ಥರ್ಮಾಮೀಟರ್ ಒಂದನ್ನು ನಡುವಿನ ತಟ್ಟೆಯ ಮೇಲಿಟ್ಟು ಓವನ್ ಅನ್ನು 180 ಡಿಗ್ರಿ ಸೆಲ್ಸಿಯಸ್‌ಗೆ ಇಡಿ. ಅರ್ಧ ಗಂಟೆ ಬಿಡಿ. ನಂತರ ಐದೈದು ನಿಮಿಷಕ್ಕೊಮ್ಮೆ ಗಾಜಿನ ಹೊರಗಿಂದಲೇ ನೋಡಿ ಬರೆದುಕೊಳ್ಳಿ. ರಾಡ್ ಆನ್ ಆಗಿ ಆಫ್ ಆಗುವಾಗ ಹತ್ತು ಹದಿನೈದು ಡಿಗ್ರಿ ಮೇಲೆ ಕೆಳಗೆ ಆಗುವುದು ಸಹಜ, ಸರಾಸರಿ ಎಷ್ಟು ಅನ್ನುವುದೇ ಮುಖ್ಯ. ಥರ್ಮಾಮೀಟರ್ ಇಲ್ಲದಿದ್ದರೆ ಫಾಯಿಲ್ ಮೇಲೆ ಒಂದು ಚಮಚ ಸಕ್ಕರೆ ಇಡಿ. ಸಕ್ಕರೆ ಕರಗುವುದು ಸುಮಾರು 186 ಡಿಗ್ರಿಗೆ. 175ಕ್ಕೆ ಇಟ್ಟಾಗಲೇ ಕಾಲು ಗಂಟೆಯಲ್ಲಿ ಕರಗಿದರೆ ಕಾವು ಜಾಸ್ತಿ, 190ಕ್ಕಿಂತ ಮೇಲೆ ಇಟ್ಟರೂ ಕರಗದಿದ್ದರೆ ಕಮ್ಮಿ. ಅಂದಾಜಿಗೆ ಇಷ್ಟು ಸಾಕು.

ಈಗ ನಿಮ್ಮ ಓವನ್ ಯಾವ ತರಹದ್ದು ನೋಡಿ. ಗುಂಡಿ ತಿರುಗಿಸುವ ಸಾಮಾನ್ಯ ಒಟಿಜಿಯಲ್ಲಿ (ಓವನ್-ಟೋಸ್ಟರ್-ಗ್ರಿಲ್) ಎಲೆಕ್ಟ್ರಾನಿಕ್ ಸೆನ್ಸರ್ ಇರುವುದಿಲ್ಲ. ಅಲ್ಲಿರುವುದು ಥರ್ಮೋಸ್ಟ್ಯಾಟ್: ಕೆಲವದರಲ್ಲಿ ಬಿಸಿಗೆ ಬಾಗುವ ಲೋಹದ ಪಟ್ಟಿ, ಕೆಲವದರಲ್ಲಿ ತೆಳ್ಳನೆಯ ಕೊಳವೆಯೊಳಗೆ ದ್ರವ, ಅದು ಕಾದು ಹಿಗ್ಗಿದಾಗ ರಾಡಿಗೆ ಕರೆಂಟ್ ಕೊಡುವ ಕಾಂಟ್ಯಾಕ್ಟ್ ಬಿಡಿಸುತ್ತದೆ. ಅಂಥದ್ದಕ್ಕೆ 'ಸೆನ್ಸರ್ ಹಾಕಬೇಕು' ಅಂದರೆ ಯಾವ ಸೆನ್ಸರ್ ಅಂತ ಕೇಳಿ. ಕನ್ವೆಕ್ಷನ್ ಮೈಕ್ರೋವೇವ್ ಆದರೆ ದಯವಿಟ್ಟು ಬಿಚ್ಚಲೇಬೇಡಿ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ನಲ್ಲಿ ಜೀವ ತೆಗೆಯುವಷ್ಟು ಕರೆಂಟ್ ಉಳಿದಿರಬಹುದು.

ಡಿಜಿಟಲ್ ಓವನ್‌ಗಳಲ್ಲಿ, ಅದರಲ್ಲೂ ಗೋಡೆಯಲ್ಲಿ ಕೂರಿಸುವ ದೊಡ್ಡವುಗಳಲ್ಲಿ, ಹಿಂಬದಿಯ ಗೋಡೆಯ ಮೇಲ್ಭಾಗದಲ್ಲಿ ಪೆನ್ಸಿಲ್‌ನಷ್ಟು ದಪ್ಪದ ಒಂದು ಕಡ್ಡಿ ಚಾಚಿಕೊಂಡಿರುತ್ತದೆ. ಅದೇ ಸೆನ್ಸರ್. ಅದು ಗೋಡೆಗಾಗಲಿ ಫಾಯಿಲ್‌ಗಾಗಲಿ ತಾಗಿದ್ದರೂ ಕಾವಿನ ಲೆಕ್ಕ ತಪ್ಪುತ್ತದೆ, ಹಾಗಾಗಿ ಮೊದಲು ಅದನ್ನೇ ನೋಡಿ. ಆಮೇಲೆ ಓವನ್ ಪೂರ್ತಿ ತಣ್ಣಗಾದ ಮೇಲೆ, ಪ್ಲಗ್ ಕಿತ್ತು, ಪ್ಲಗ್ ಇಲ್ಲದಿದ್ದರೆ ಎಂಸಿಬಿ (ಮನೆಯ ಮೇನ್ ಬೋರ್ಡಿನಲ್ಲಿರುವ ಅದರ ಸ್ವಿಚ್) ಇಳಿಸಿ, ಸ್ಕ್ರೂ ಬಿಚ್ಚಿ ಕನೆಕ್ಟರ್ ಬಿಡಿಸಿ.

ಮಲ್ಟಿಮೀಟರ್ ಅನ್ನು 2000 ಓಮ್ (ಕರೆಂಟಿಗೆ ಎಷ್ಟು ತಡೆ ಇದೆ ಅನ್ನುವ ಅಳತೆ) ರೇಂಜಿಗೆ ಇಟ್ಟು ಸೆನ್ಸರ್‌ನ ಎರಡು ವೈರ್‌ಗೆ ಹಿಡಿಯಿರಿ. ತುಂಬಾ ಕಡೆ ಬಳಸುವುದು ಪಿಟಿ1000 ಅನ್ನುವ ಸೆನ್ಸರ್. ಅದು ಸೊನ್ನೆ ಡಿಗ್ರಿಯಲ್ಲಿ 1000 ಓಮ್, 25ರಲ್ಲಿ 1097, 30ರಲ್ಲಿ 1117 ತೋರಿಸಬೇಕು. ಪಿಟಿ500 ಆದರೆ ಇದರ ಅರ್ಧ. ಬಿಸಿ ಮಾಡಿದಾಗ ಓಮ್ ಇಳಿಯುತ್ತಿದ್ದರೆ ಅದು ಎನ್‌ಟಿಸಿ ಜಾತಿಯದ್ದು, ಈ ಲೆಕ್ಕ ಅದಕ್ಕೆ ಹೊಂದುವುದಿಲ್ಲ, ಕಂಪನಿಯ ಸರ್ವಿಸ್ ಕೈಪಿಡಿಯನ್ನೇ ನೋಡಬೇಕು.

ತಣ್ಣಗಿರುವಾಗ ಸರಿ ಬಂತು ಅಂತ ಅಲ್ಲಿಗೇ ಬಿಡಬೇಡಿ. ಬಿಸಿಯಾದಾಗ ಮಾತ್ರ ತಪ್ಪುವ ಸೆನ್ಸರ್‌ಗಳೂ ಇರುತ್ತವೆ. ಲೋಹದ ತುದಿಯನ್ನು ಮಾತ್ರ ಕುದಿಯುವ ನೀರಿನಲ್ಲಿ ಹಿಡಿಯಿರಿ, ವೈರ್ ಒದ್ದೆಯಾಗಬಾರದು. ಪುಸ್ತಕದಲ್ಲಿ 100 ಡಿಗ್ರಿಗೆ 1385 ಅಂತ ಇರುತ್ತದೆ, ಆದರೆ ಮೈಸೂರು ಸಮುದ್ರಮಟ್ಟಕ್ಕಿಂತ 750 ಮೀಟರಿಗೂ ಎತ್ತರದಲ್ಲಿದೆ ಅಲ್ವಾ, ಇಲ್ಲಿ ನೀರು 97.5ರ ಸುಮಾರಿಗೇ ಕುದಿಯುತ್ತದೆ. ಆದ್ದರಿಂದ ನಮಗೆ 1375ರ ಆಸುಪಾಸು ಬಂದರೆ ಅದೇ ಸರಿ. ಹತ್ತು ಓಮ್ ಕಮ್ಮಿ ಬಂತು ಅಂತ ಸುಮ್ನೆ ಹೊಸದು ತರಬೇಡಿ. ಅಳೆಯುವಾಗಲೇ ವೈರ್ ಅಲ್ಲಾಡಿಸಿ, ನಂಬರ್ ಕುಣಿದರೆ ಒಳಗೆ ಎಲ್ಲೋ ಬಿಟ್ಟಿದೆ. ಒಂದು ವೈರ್‌ಗೂ ಲೋಹದ ಕವಚಕ್ಕೂ ನಡುವೆ ಸಂಪರ್ಕವೇ ಇರಬಾರದು, ಮೀಟರ್ ಏನೂ ಹಿಡಿಯದ ಹಾಗೇ ಇರಬೇಕು. ಸೊನ್ನೆಯೋ ಬೇರೆ ಓಮೋ ತೋರಿಸಿದರೆ ಒಳಗೆ ಶಾರ್ಟ್.

ಪಿಟಿ1000 ಇರುವ ಓವನ್‌ನಲ್ಲಿ ಬೋರ್ಡಿಗೆ ಒಂದು ಡಿಗ್ರಿ ಅಂದರೆ ಸುಮಾರು 3.8 ಓಮ್. ಕನೆಕ್ಟರ್‌ನಲ್ಲಿ ತುಕ್ಕು ಹಿಡಿದು 40 ಓಮ್ ಜಾಸ್ತಿಯಾದರೆ ಬೋರ್ಡ್ ಒಳಗಿನ ಕಾವನ್ನು ಹತ್ತು ಡಿಗ್ರಿ ಜಾಸ್ತಿ ಅಂತ ಓದಿ ರಾಡ್ ಬೇಗ ಆಫ್ ಮಾಡುತ್ತದೆ, ಕೇಕ್ ಹಸಿ ಉಳಿಯುತ್ತದೆ. ಸೆನ್ಸರ್ ಚೆನ್ನಾಗಿದ್ದು ಅದರ ಪಿನ್ ಕಪ್ಪಾಗಿದ್ದರೆ ಉಜ್ಜಿ ಬಿಗಿಮಾಡಿದರೆ ಸಾಕು. ವೈರ್ ಪೂರ್ತಿ ತುಂಡಾಗಿದ್ದರೆ ಸಾಮಾನ್ಯವಾಗಿ ಎರರ್ ಕೋಡ್ ತೋರಿಸಿ ಬಿಸಿಯಾಗುವುದನ್ನೇ ನಿಲ್ಲಿಸುತ್ತದೆ. ಸೆನ್ಸರ್, ಕನೆಕ್ಟರ್, ರಾಡ್ ಮೂರೂ ಸರಿಯಿದ್ದು ಕಾವು ತಪ್ಪುತ್ತಿದ್ದರೆ ಮಾತ್ರ ಬೋರ್ಡಿನ ಮಾತು. ಯಾವಾಗಲೂ ಒಂದೇ ಅಳತೆಯಲ್ಲಿ ಹತ್ತು ಹದಿನೈದು ಡಿಗ್ರಿ ತಪ್ಪುತ್ತಿದ್ದರೆ ಎಷ್ಟೋ ಓವನ್‌ಗಳ ಸೆಟ್ಟಿಂಗ್‌ನಲ್ಲೇ ಸರಿಮಾಡಿಕೊಳ್ಳಬಹುದು.

ಒಟಿಜಿಯವರು ಒಂದು ವಿಷಯ ಗಮನಿಸಿ. ಗುಂಡಿ 150ರಲ್ಲಿದ್ದರೂ ರಾಡ್ ಕೆಂಪಗೆ ಉರಿಯುತ್ತಲೇ ಇದ್ದು ಆಫ್ ಆಗುವ ಟಿಕ್ ಸದ್ದೇ ಬರದಿದ್ದರೆ ಕಾಂಟ್ಯಾಕ್ಟ್ ಅಂಟಿಕೊಂಡಿರಬಹುದು. ಅದನ್ನು ಆ ದಿನದಿಂದಲೇ ಬಳಸಬೇಡಿ. ಹೊಸ ಥರ್ಮೋಸ್ಟ್ಯಾಟ್ ತರುವಾಗ ಹಳೆಯದನ್ನು ಜೊತೆಯಲ್ಲೇ ಒಯ್ದು, ಗರಿಷ್ಠ ಡಿಗ್ರಿ, ಆಂಪಿಯರ್, ಕೊಳವೆಯ ಉದ್ದ ಮೂರನ್ನೂ ಹೋಲಿಸಿಯೇ ತೆಗೆದುಕೊಳ್ಳಿ.