ಮೇಲ್ ಸರ್ವರ್ ಬಿದ್ದರೆ ಆಫ್-ಆನ್ ಮಾಡುವ ಮೊದಲು

ಆಟಿ ತಿಂಗಳ ಮಳೆ, ರಾತ್ರಿಯಿಡೀ ಕರೆಂಟು ಹೋಗಿ ಬಂದು ಹೋಗಿ ಬಂದು. ಬೆಳಿಗ್ಗೆ ಒಂಬತ್ತೂವರೆಗೆ ಬದಿಯಡ್ಕದ ಹತ್ತಿರದ ಒಂದು ಸಣ್ಣ ಆಫೀಸಿನಿಂದ ಫೋನು. ‘ಅಣ್ಣ, ನಿನ್ನೆ ಸಂಜೆಯಿಂದ ಒಂದು ಮೇಲೂ ಬಂದಿಲ್ಲ. ಬ್ಯಾಂಕಿನವರು ಕಳಿಸಿದ್ದೇವೆ ಅಂತಾರೆ. ಆಫ್ ಮಾಡಿ ಆನ್ ಮಾಡ್ಲಾ?’

ಬೇಡ ಮಾರಾಯ್ತಿ, ಏನೂ ಮುಟ್ಬೇಡ, ಬರ್ತೇನೆ ಅಂದೆ.

ಅಲ್ಲಿರುವುದು ಒಂದೇ ದೊಡ್ಡ ಕಂಪ್ಯೂಟರು. ಅದರೊಳಗೆ ಮೂರು ವಿಎಂಗಳು, ಅಂದರೆ ಲಿನಕ್ಸ್‌ನ ಕೆವಿಎಂ ಸವಲತ್ತಿನಲ್ಲಿ ಕಂಪ್ಯೂಟರಿನೊಳಗೇ ನಡೆಯುವ ಕಂಪ್ಯೂಟರುಗಳು. ಒಂದರಲ್ಲಿ ಮೇಲ್ ಸಾಗಿಸುವ ಪೋಸ್ಟ್‌ಫಿಕ್ಸ್ ಮತ್ತು ಬಂದ ಮೇಲ್ ಓದಲು ಕೊಡುವ ಡವ್‌ಕಾಟ್. ಕರೆಂಟಿನದ್ದೇ ಕಿತಾಪತಿ ಅಂದುಕೊಂಡೇ ಬೈಕು ಹತ್ತಿದೆ. ಅಲ್ಲ ಅಂತ ಆಮೇಲೆ ಗೊತ್ತಾಯಿತು.

ಮೊದಲು ಒಂದು ಸಮಾಧಾನದ ಮಾತು. ಸರ್ವರ್ ಬಿದ್ದಾಗ ಹೊರಗಿನಿಂದ ಬರಬೇಕಾದ ಮೇಲ್ ಸಾಮಾನ್ಯವಾಗಿ ಕಳೆದುಹೋಗುವುದಿಲ್ಲ. ಕಳಿಸುವವರ ಸರ್ವರ್ ಅದನ್ನು ತನ್ನ ಕ್ಯೂನಲ್ಲಿ ಇಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನ ಮಾಡುತ್ತದೆ, ಪೋಸ್ಟ್‌ಫಿಕ್ಸ್ ಆದರೆ ನಾವು ಬದಲಾಯಿಸದಿದ್ದರೆ 5 ದಿನ. ಹಾಗಾಗಿ ಅರ್ಧ ಗಂಟೆ ಕೂತು ನೋಡುವಷ್ಟು ಪುರುಸೊತ್ತು ಇದೆ.

ಶುರು ಮಾಡಬೇಕಾದದ್ದು ಹೊರಗಿನಿಂದ, ಅಂದರೆ ವಿಎಂಗಳನ್ನು ಹೊತ್ತ ಆ ದೊಡ್ಡ ಕಂಪ್ಯೂಟರಿನಿಂದ, ಅದೇ ಹೋಸ್ಟ್. ‘ವಿರ್ಶ್ ಲಿಸ್ಟ್ --ಆಲ್’ ಎಂಬ ಕಮಾಂಡ್ ಕೊಟ್ಟು ವಿಎಂ ಯಾವ ಸ್ಥಿತಿಯಲ್ಲಿದೆ ನೋಡಿ. ‘ರನ್ನಿಂಗ್’ ಅಂತಿದ್ದರೆ ಒಳಗೆ ಹೋಗಿ ಹುಡುಕಬೇಕು. ‘ಶಟ್ ಆಫ್’ ಆದರೆ ಯಾಕೆ ಆಫಾಯಿತು ಅಂತ ಹೋಸ್ಟ್‌ನ ಲಾಗ್ ಓದಬೇಕು. ನನಗೆ ಕಂಡದ್ದು ‘ಪಾಸ್ಡ್’, ಅಂದರೆ ನಡುವೆ ತಡೆದು ನಿಲ್ಲಿಸಿದ್ದು. ಯಾರೂ ಪಾಸ್ ಮಾಡಿರಲಿಲ್ಲ. ಹೋಸ್ಟ್‌ನಲ್ಲಿ, ಡಿಸ್ಕ್‌ನ ಜಾಗ ತೋರಿಸುವ ‘ಡಿಎಫ್ -ಎಚ್’ ಕೊಟ್ಟೆ: ವಿಎಂ ಡಿಸ್ಕ್‌ಗಳಿರುವ ಜಾಗ 100 ಶೇಕಡಾ ತುಂಬಿದೆ. ಬರೆಯಲು ಜಾಗ ಇಲ್ಲದಾಗ, ವಿಎಂ ನಡೆಸುವ ಕ್ಯೂಎಮು ಎಂಬ ಪ್ರೋಗ್ರಾಂ ಅದನ್ನು ಕೊಲ್ಲುವುದಿಲ್ಲ, ಇದ್ದಲ್ಲೇ ನಿಲ್ಲಿಸಿಬಿಡುತ್ತದೆ. ಜಾಗ ಮಾಡಿಕೊಟ್ಟರೆ ನಿಂತಲ್ಲಿಂದಲೇ ಮುಂದುವರಿಸಬಹುದು. ಆಫ್-ಆನ್ ಮಾಡಿದ್ದರೆ ಅರ್ಧ ಬರೆದ ಫೈಲುಗಳೆಲ್ಲ ಹಾಗೇ ಕಡಿದುಹೋಗುತ್ತಿದ್ದವು, ಅಲ್ವಾ?

ಜಾಗ ತಿಂದದ್ದು ಯಾರು? ನಾನೇ. ಅಪ್‌ಡೇಟ್ ಮಾಡುವ ಮೊದಲು, ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಲು ಒಂದು ಸ್ನ್ಯಾಪ್‌ಶಾಟ್ ತೆಗೆದು ಮರೆತಿದ್ದೆ. ಇಂಥ ಸ್ನ್ಯಾಪ್‌ಶಾಟ್ ತೆಗೆದ ಮೇಲೆ ವಿಎಂ ಬರೆಯುವುದೆಲ್ಲ ಬೇರೊಂದು ಫೈಲಿಗೆ ಹೋಗುತ್ತದೆ. ಆ ಫೈಲು ದಿನಾ ಬೆಳೆಯುತ್ತದೆ. ದಯವಿಟ್ಟು ಅದನ್ನು ಸುಮ್ನೆ ಡಿಲೀಟ್ ಮಾಡಬೇಡಿ, ಸ್ನ್ಯಾಪ್‌ಶಾಟ್ ತೆಗೆದ ದಿನದಿಂದ ಬಂದ ಎಲ್ಲ ಮೇಲೂ ಅದರಲ್ಲೇ ಇರುತ್ತದೆ. ಇನ್‌ಸ್ಟಾಲ್ ಮಾಡಲು ಇಳಿಸಿಕೊಂಡ ಹಳೆಯ ಐಎಸ್‌ಒ ಫೈಲುಗಳು, ಇನ್ನೊಂದು ಕಡೆ ಪ್ರತಿ ಇರುವ ಬ್ಯಾಕಪ್‌ಗಳು, ಇಂಥದ್ದನ್ನು ಮೊದಲು ಬೇರೆ ಡಿಸ್ಕ್‌ಗೆ ಸಾಗಿಸಿ. ಆಮೇಲೆ ‘ವಿರ್ಶ್ ರೆಸ್ಯೂಮ್’ ಕೊಟ್ಟು ವಿಎಂ ಮುಂದುವರಿಸಿ. ಸ್ನ್ಯಾಪ್‌ಶಾಟ್ ಫೈಲನ್ನು ಮೂಲ ಡಿಸ್ಕ್‌ಗೆ ಸೇರಿಸುವುದು ‘ವಿರ್ಶ್ ಬ್ಲಾಕ್‌ಕಮಿಟ್’ನಿಂದ, ಅದನ್ನು ಬ್ಯಾಕಪ್ ಆದ ಮೇಲೆ ಸಂಜೆ ನಿಧಾನಕ್ಕೆ ಮಾಡಿದೆ.

ವಿಎಂ ಎದ್ದಿತು. ಆದರೆ ಅದರ ಗಡಿಯಾರ ಇನ್ನೂ ನಿನ್ನೆ ಸಂಜೆಯಲ್ಲೇ ಇತ್ತು! ಸಮಯ ತಪ್ಪಿದರೆ ಲಾಗ್ ಓದಿ ತಲೆ ಕೆಡುತ್ತದೆ, ಲಾಗಿನ್ ಕೂಡ ಕೈಕೊಡಬಹುದು. ‘ಕ್ರೋನಿಸಿ ಮೇಕ್‌ಸ್ಟೆಪ್’ ಕೊಟ್ಟು ಸರಿ ಮಾಡಿ.

ಈಗ ಒಳಗಿನ ಕೆಲಸ. ಇಲ್ಲೂ ‘ಡಿಎಫ್ -ಎಚ್’, ಜೊತೆಗೆ ‘ಡಿಎಫ್ -ಐ’. ಒಂದೊಂದು ಮೇಲೂ ಒಂದೊಂದು ಫೈಲಾಗಿ ಕೂರುವ ಮೇಲ್‌ಡಿರ್ ಇದ್ದರೆ, ಜಾಗ ಇದ್ದರೂ ಐನೋಡ್ (ಪ್ರತಿ ಫೈಲಿಗೂ ಬೇಕಾದ ದಾಖಲೆಯ ಜಾಗ) ಮುಗಿದು ಹೊಸ ಫೈಲು ಹುಟ್ಟದೆ ಇರಬಹುದು. ಫೈಲ್‌ಸಿಸ್ಟಂ ಓದಲು ಮಾತ್ರ ಅನ್ನುವ ಸ್ಥಿತಿಗೆ ಹೋಗಿದೆಯಾ ಅಂತಲೂ ನೋಡಿ. ಕರೆಂಟು ಹೋಗಿ ಬಂದ ಮೇಲೆ ಇದು ಆಗುವುದುಂಟು, ಆಗ ಮೊದಲು ಬ್ಯಾಕಪ್, ಆಮೇಲೆ ಡಿಸ್ಕ್ ಅನ್‌ಮೌಂಟ್ ಆಗಿರುವಾಗ (ಬಳಕೆಯಲ್ಲಿಲ್ಲದಾಗ) ಅದನ್ನು ಪರೀಕ್ಷಿಸಿ ಸರಿಮಾಡುವ ಎಫ್‌ಎಸ್‌ಸಿಕೆ.

ಆಮೇಲೆ ಕರ್ನಲ್‌ನ ಸಂದೇಶಗಳನ್ನು ತೋರಿಸುವ ‘ಡಿಮೆಸೇಜ್ -ಟಿ’ ಕೊಟ್ಟು ‘ಔಟ್ ಆಫ್ ಮೆಮೊರಿ’, ಅಂದರೆ ರ‍್ಯಾಮ್ ಮುಗಿದಿದೆ ಅಂತ ಇದೆಯಾ ಹುಡುಕಿ. ಇದ್ದರೆ ನನ್ನ ಮೊದಲ ಸಂಶಯ ಮೇಲ್‌ನಲ್ಲಿ ವೈರಸ್ ಹುಡುಕುವ ಕ್ಲಾಮ್‌ಎವಿ ಮೇಲೆ. ವೈರಸ್ ಪಟ್ಟಿ ಹೊತ್ತುಕೊಂಡೇ ಅದು 1 ಜಿಬಿಗಿಂತ ಜಾಸ್ತಿ ರ‍್ಯಾಮ್ ಹಿಡಿಯುತ್ತದೆ, ಹೊಸ ಪಟ್ಟಿ ಬಂದಾಗ ಹಳೆಯದನ್ನೂ ಹೊಸದನ್ನೂ ಸ್ವಲ್ಪ ಹೊತ್ತು ಒಟ್ಟಿಗೆ ಇಟ್ಟುಕೊಳ್ಳುತ್ತದೆ. 2 ಜಿಬಿಯ ವಿಎಂನಲ್ಲಿ ಅದಕ್ಕೆ ಜಾಗ ಎಲ್ಲಿದೆ?

ಇನ್ನೊಂದು ಮೋಸ. ಲಿನಕ್ಸ್‌ನ ಒಂದು ಬಗೆಯಾದ ಡೆಬಿಯನ್ 12ರಲ್ಲಿ ‘ಸಿಸ್ಟಂಸಿಟಿಎಲ್ ಸ್ಟೇಟಸ್ ಪೋಸ್ಟ್‌ಫಿಕ್ಸ್’ ಹಸಿರು ಬಣ್ಣದಲ್ಲಿ ‘ಆಕ್ಟಿವ್’ ಅನ್ನುತ್ತದೆ, ಪಕ್ಕದಲ್ಲಿ ‘ಎಕ್ಸಿಟೆಡ್’ (ಮುಗಿದುಹೋಗಿದೆ) ಅಂತಲೂ ಇರುತ್ತದೆ, ಪೋಸ್ಟ್‌ಫಿಕ್ಸ್ ನಿಜಕ್ಕೂ ನಡೆಯುತ್ತಿದೆಯಾ ಅಂತ ಅದರಿಂದ ಗೊತ್ತಾಗುವುದಿಲ್ಲ. ಅದನ್ನು ನಂಬಿ ಒಮ್ಮೆ ಒಂದು ಗಂಟೆ ಹಾಳು ಮಾಡಿದ್ದೇನೆ. ನಂಬಬೇಕಾದದ್ದು ‘ಎಸ್‌ಎಸ್ -ಎಲ್‌ಟಿಎನ್‌ಪಿ’ ಯನ್ನು. 25, 587, 993 ಪೋರ್ಟುಗಳು (ಮೇಲ್ ಬರುವ, ಕಳಿಸುವ, ಓದುವ ಬಾಗಿಲುಗಳು) ಕಂಡರೆ ಸರ್ವರ್ ಕಿವಿ ತೆರೆದು ಕೂತಿದೆ ಅಂತ ಅರ್ಥ.

ಕೊನೆಗೆ ‘ಮೇಲ್‌ಕ್ಯೂ’. ಒಳಗೆ ಸಿಕ್ಕಿಕೊಂಡ ಮೇಲ್‌ಗಳು, ಅವು ನಿಂತ ಕಾರಣದ ಜೊತೆ ಕಾಣುತ್ತವೆ. ಅವನ್ನು ಮತ್ತೆ ಕಳಿಸಲು ‘ಪೋಸ್ಟ್‌ಕ್ಯೂ -ಎಫ್’ ಒಂದು ಸಲ ಕೊಡಿ, ಸಾಕು. ಐದೈದು ನಿಮಿಷಕ್ಕೆ ಕೊಟ್ಟರೆ ಎಲ್ಲವೂ ಒಟ್ಟಿಗೆ ನುಗ್ಗಿ ಇನ್ನಷ್ಟು ನಿಧಾನವಾಗುತ್ತದೆ.

ಹನ್ನೊಂದೂವರೆಗೆ ಮೊದಲ ಮೇಲ್ ಬಂತು, ಯಾವುದೋ ಸೀರೆಯ ಜಾಹೀರಾತು. ಬ್ಯಾಂಕಿನದ್ದು ಬರುವಾಗ ಮಧ್ಯಾಹ್ನ ಮೂರಾಗಿತ್ತು.